ಆ ಬ್ಲೇಡ್ ಕೆಳಗಿಡಿ

ಈಗಷ್ಟೇ ಒಂದು ವಿಡಿಯೋ ನೋಡಿದೆ, ಮೈಯೆಲ್ಲ ಉರಿಯುತ್ತಿದೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ, ಆಟಗಾರರ ಚಿತ್ರ ಅಚ್ಚಾಗಿದ್ದ ಐವತ್ತರ ದಶಕದ ಬೇಸ್‌ಬಾಲ್ ಕಾರ್ಡುಗಳನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಂಡಾದ ಮೂಲೆಗಳನ್ನು ಬ್ಲೇಡಿನಿಂದ ಕೊಯ್ದು, 'ಹೊಸದರ ಹಾಗಾಯ್ತು' ಅಂತ ತೋರಿಸುತ್ತಿದ್ದಾರೆ. ಕೆಳಗೆ ನೂರಾರು ಜನರ ಮೆಚ್ಚುಗೆ. ಒಬ್ಬ ಹುಡುಗನ ಬಾಲ್ಯವನ್ನೇ ಉಜ್ಜಿ ತೆಗೆದದ್ದು ಒಬ್ಬರಿಗೂ ಕಾಣಲಿಲ್ಲವೇ?

ಈ ಕಾರ್ಡುಗಳ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಇರುವುದಿಲ್ಲ, ನಿಮಗೆ ಗೊತ್ತೇ ಇದೆ.

ಹಳೆಯ ಕಾರ್ಡಿನ ಮೇಲಿನ ಗುರುತುಗಳನ್ನು ಓದಲು ಬರಬೇಕು. ಅಂಚಿನ ನಡುವೆ ಸಣ್ಣ ಕಚ್ಚು ಇದ್ದರೆ ಅದು ರಬ್ಬರ್ ಬ್ಯಾಂಡಿನದು. ಹುಡುಗರು ತಂಡವಾರು ಕಟ್ಟು ಕಟ್ಟುತ್ತಿದ್ದರು, ಮೇಲಿನ ಮತ್ತು ತಳದ ಕಾರ್ಡಿಗೆ ಪೆಟ್ಟು ಜಾಸ್ತಿ. ಕಾರ್ಡುಗಳು ಬಬಲ್ ಗಮ್ಮಿನ ಜೊತೆ ಪೊಟ್ಟಣದಲ್ಲಿ ಬರುತ್ತಿದ್ದವು: ಎಣ್ಣೆ ಹೀರಿದಂಥ ಕಲೆ ಪೊಟ್ಟಣದ ಮೇಣದ ಕಾಗದದ್ದು, ಮಾಸಲು ಚೌಕ ಆ ಗಮ್ಮಿನದು. ಚೆಕ್‌ಲಿಸ್ಟ್ ಕಾರ್ಡಿನಲ್ಲಿ (ಎಲ್ಲ ಕಾರ್ಡುಗಳ ಪಟ್ಟಿ ಇರುವುದು) ಪೆನ್ಸಿಲ್ ಗೀಟುಗಳಿದ್ದರೆ, ಯಾವ್ಯಾವುದು ಸಿಕ್ಕಿತ್ತು ಎಂಬ ಲೆಕ್ಕ. ತಂಡದ ಹೆಸರು ಹೊಡೆದು ಬಾಲ್‌ಪೆನ್ನಿನಲ್ಲಿ ಬೇರೆ ಬರೆದಿದ್ದರೆ, ಆಟಗಾರ ತಂಡ ಬದಲಿಸಿದ್ದಾನೆ. ಸೈಕಲ್ಲಿನ ಫೋರ್ಕಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ, ಚಕ್ರದ ಕಡ್ಡಿಗೆ ಬಡಿದು ಪಟಪಟ ಸದ್ದು ಮಾಡಿದ ಕಾರ್ಡಿನ ಒಂದು ಬದಿ ನಲುಗಿರುತ್ತದೆ. ಇದನ್ನೆಲ್ಲ ಒರೆಸಿದ ಮೇಲೆ ಉಳಿಯುವುದು ಬರೀ ರಟ್ಟು.

1960ರಲ್ಲಿ, ಈ ಕಾರ್ಡುಗಳನ್ನು ಮಾಡುತ್ತಿದ್ದ ಟಾಪ್ಸ್ ಕಂಪನಿಯ ಸೈ ಬರ್ಗರ್ ಅವರು ಮಾರಾಟವಾಗದೆ ಉಳಿದ 1952ರ ಕಾರ್ಡುಗಳನ್ನು ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಇವತ್ತು ನಮಗೆ ಕಾಣುವುದರಲ್ಲಿ ಬಹುಪಾಲು ಮಕ್ಕಳ ಒರಟು ಕೈಗಳು ಉಳಿಸಿಕೊಟ್ಟದ್ದು. ಅದೇ ಕೈಗಳ ಗುರುತು ನಮಗೆ ಕೊಳೆಯಾಗಿ ಕಾಣುತ್ತದೆ!

ಶುಚಿಯಾದ ಕಾರ್ಡಿಗೇ ಬೆಲೆ ಅಲ್ಲವೇ ಅನ್ನುತ್ತೀರಿ. ಹೌದು, ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಕಾರ್ಡು ಎಷ್ಟು ಚೆನ್ನಾಗಿದೆ ಎಂದು ಪರೀಕ್ಷಿಸುವವರು ಅದಕ್ಕೆ ಕೊಟ್ಟ ದರ್ಜೆ ಹತ್ತಕ್ಕೆ ಒಂಬತ್ತೂವರೆ. ಆದರೆ ಆ ಕಾರ್ಡು ಕೆಡದೆ ಉಳಿದಿತ್ತು, ಕೆಟ್ಟ ಮೇಲೆ ತಿದ್ದಿದ್ದಲ್ಲ. ಅಂಚು ಕೊಯ್ದದ್ದು ಪತ್ತೆಯಾದರೆ ದರ್ಜೆ ಕೊಡುವವರು ಅಂಕವನ್ನೇ ಕೊಡುವುದಿಲ್ಲ. ಎಷ್ಟೋ ಸಲ ಅದು ಪತ್ತೆಯಾಗುತ್ತದೆ: ಅಳತೆ ಕಡಿಮೆ ಬರಬಹುದು, ಭೂತಗನ್ನಡಿಯಲ್ಲಿ ಹಳೆಯ ಅಂಚು ಮಾಸಿ ಮೃದುವಾಗಿದ್ದರೆ ಹೊಸ ಕೊಯ್ತ ಬೆಳ್ಳಗೆ, ಚೂಪಾಗಿ ಕಾಣುತ್ತದೆ. ಜಗತ್ತಿನ ಅತಿ ಹೆಸರುವಾಸಿ ಕಾರ್ಡಾದ, ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡಿನ ಅಂಚು ಕೊಯ್ದದ್ದಾಗಿ ಒಬ್ಬ ಹರಾಜುದಾರ 2013ರಲ್ಲಿ ಒಪ್ಪಿಕೊಳ್ಳಬೇಕಾಯಿತು.

ಇನ್ನು ಕೆಲವರು ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಯ ಕಿಸೆಗೆ ಹಿಡಿಸಲಿಲ್ಲ ಅಂತ ಕಾರ್ಡನ್ನೇ ಕತ್ತರಿಸುತ್ತಾರೆ. ಇದಂತೂ ಅಕ್ಷಮ್ಯ. 1952ರಿಂದ 1956ರ ಟಾಪ್ಸ್ ಕಾರ್ಡು 2⅝ × 3¾ ಇಂಚು. 1957ರಿಂದ ಅದು 2½ × 3½ ಆಯಿತು, ಒಂಬತ್ತು ಕಿಸೆಯ ಹಾಳೆ ಈ ಚಿಕ್ಕ ಅಳತೆಗೆ ಮಾಡಿದ್ದು. ದೊಡ್ಡವಕ್ಕೆ ಎಂಟು ಕಿಸೆಯ ಹಾಳೆ ಸಿಗುತ್ತದೆ, ಅದನ್ನು ತನ್ನಿ.

ಅಮೆರಿಕದಲ್ಲಿರುವ ಗೆಳೆಯರೇ, ಗ್ಯಾರೇಜ್ ಸೇಲಿನಲ್ಲಿ ಶೂ ಡಬ್ಬಿಯ ತುಂಬ ಇಂಥವು ಸಿಕ್ಕರೆ ಒರೆಸಲು ಹೋಗಬೇಡಿ. ಕೈ ತೊಳೆದು ಪೂರ್ತಿ ಒಣಗಿಸಿ, ಅಂಚು ಹಿಡಿದೇ ಎತ್ತಿ. ಮೊದಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳು ಚೀಲ, ಆಮೇಲೆ ಅದನ್ನು ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ. ಚೀಲಕ್ಕೆ ತುರುಕುವಾಗಲೇ ಮೂಲೆ ಮಡಚುವುದು. ಚೀಲದ ಬಾಯಿಯ ಒಂದು ತುದಿಯಲ್ಲಿ ಸಣ್ಣ ಸೀಳು ಕೊಟ್ಟರೆ ಸಲೀಸಾಗಿ ಇಳಿಯುತ್ತದೆ. ಪಿವಿಸಿ ಹಾಳೆ ಮಾತ್ರ ಬೇಡವೇ ಬೇಡ, ಅದನ್ನು ಮೆದುವಾಗಿಸಲು ಸೇರಿಸಿದ ರಾಸಾಯನಿಕ ವರ್ಷಗಟ್ಟಲೆ ಜಿನುಗಿ ಕಾರ್ಡಿನ ಮೈಗೆ ಅಂಟುತ್ತದೆ. ಅಟ್ಟದ ಸೆಕೆ, ನೆಲಮಾಳಿಗೆಯ ತೇವ ಎರಡೂ ಆಗದು.

ಹಳೆಯ ರಬ್ಬರ್ ಬ್ಯಾಂಡ್ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಣ್ಣ ಕಿತ್ತು ಬರುತ್ತದೆ. ಅಂಟದೆ ಬಿಟ್ಟಿರುವ ಕಡೆ ನೋಡಿ ಕತ್ತರಿಸಿ. ಕತ್ತರಿಗೆ ಕೆಲಸ ಇರುವುದು ಆ ಚೀಲಕ್ಕೆ, ಈ ಬ್ಯಾಂಡಿಗೆ ಮಾತ್ರ. ಕಾರ್ಡು ಕೂಡಿಟ್ಟ ಹುಡುಗನ ಹೆಸರು ಗೊತ್ತಿದ್ದರೆ ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಡಿ, ಕಾರ್ಡಿನ ಮೇಲಲ್ಲ.