ಗ್ರಂಥಾಲಯದಿಂದ ಸಿನಿಮಾ ಎರವಲು: ತುಮಕೂರಿಗೆ ಬೇಕೇ?

ಪರ

ಎಲ್ಲ ಸಿನಿಮಾ ಫೋನಿನಲ್ಲೇ ಸಿಗುತ್ತವಲ್ಲ ಎನ್ನುವವರಿಗೆ ಹುಡುಕಬೇಕಾದ ಹೆಸರು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವರ ಮುಂದೆ ಆ್ಯಪ್ ನಿನ್ನೆ ನೋಡಿದ್ದರಂಥದ್ದೇ ಇನ್ನೊಂದನ್ನು ತಂದಿಡುತ್ತದೆ. ಗ್ರಂಥಾಲಯದ ಕಪಾಟು ಹಾಗಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ ತೆಗೆಯಲು ಕೈ ಚಾಚಿದವರಿಗೆ ಪಕ್ಕದಲ್ಲೇ ಬಿ.ವಿ. ಕಾರಂತರ 1975ರ ಚಿತ್ರದ ಡಿವಿಡಿ ಕಂಡರೆ ಎರಡನ್ನೂ ಒಯ್ಯುವ ಆಸೆಯಾಗದೇ? ಕ್ಯಾಟಲಾಗಿನಲ್ಲಿ ನಾಯಕನ ಹೆಸರಷ್ಟೇ ಸಾಲದು. ಮೂಲ ಕಥೆ, ನಿರ್ದೇಶಕ, ಛಾಯಾಗ್ರಾಹಕ ಎಲ್ಲವೂ ಬೇಕು. ಕಲಾವಿದರ ಊರೂ ಇರಲಿ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ತಯಾರಾಗಲು ಗುಬ್ಬಿ ವೀರಣ್ಣನವರ ಪಾಲೂ ಇತ್ತು, ಅದರಲ್ಲಿ ನಗಿಸಿದವರು ತಿಪಟೂರಿನ ನರಸಿಂಹರಾಜು. ಕಪಾಟಿನಲ್ಲಿ ನಮ್ಮ ಜಿಲ್ಲೆಯವರದೇ ಒಂದು ಅಂತಸ್ತು ಮಾಡುವಷ್ಟು ಸರಕಿದೆ.

ಕಾನೂನು ಅಡ್ಡ ಬರುತ್ತದೆಂಬ ಭಯವೂ ಬೇಡ. ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ತಾನು ಸರಿಯಾಗಿ ಕೊಂಡ ಪ್ರತಿಯನ್ನು ಲಾಭವಿಲ್ಲದೆ ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆಯಲ್ಲ ಎಂದು 2012ರಲ್ಲೇ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿದೆ. ದುಡ್ಡು? ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ.

ವಿರೋಧ

ಕಪಾಟೇನೋ ಚೆನ್ನಾಗಿರುತ್ತದೆ, ಡಿವಿಡಿ ಹಾಕುವುದೆಲ್ಲಿ? ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಇರುವುದಿಲ್ಲ. ಮನೆಯ ಪ್ಲೇಯರ್ ಅಟ್ಟ ಸೇರಿ ಎಷ್ಟು ಕಾಲವಾಯಿತೋ. ಹಾಳೆ ಹರಿದ ಪುಸ್ತಕದಲ್ಲಿ ಉಳಿದದ್ದನ್ನಾದರೂ ಓದಬಹುದು. ಗೀರು ಬಿದ್ದ ಡಿಸ್ಕಿನಲ್ಲಿ ಮುಖಗಳು ಚೌಕ ಚೌಕವಾಗಿ ಒಡೆದು, ಮಾತು ತೊದಲಿ, ಚಿತ್ರ ಅಲ್ಲೇ ನಿಂತುಬಿಡುತ್ತದೆ. ವಾಪಸ್ ಬಂದ ಒಂದೊಂದನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸುತ್ತ ಕೂರಲು ಸಿಬ್ಬಂದಿ ಎಲ್ಲಿದ್ದಾರೆ?

ಕರದ ಮಾತಿಗೆ ಬಂದರೆ, ಆ ದುಡ್ಡಿಗೆ ಕಾದಿರುವವರು ಬೇರೆ ಇದ್ದಾರೆ. ಕೆಎಎಸ್, ಪಿಡಿಒ, ಎಫ್‌ಡಿಎ ಎಂದು ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಊಟದ ಡಬ್ಬಿ ಸಮೇತ ಬಂದು ಕುರ್ಚಿ ಹಿಡಿಯುತ್ತಾರೆ. ಅವರಿಗೆ ಬೇಕಿರುವುದು ಹೊಸ ಆವೃತ್ತಿಯ ಪುಸ್ತಕ, ಇನ್ನೊಂದಿಷ್ಟು ಮೇಜು, ಕರೆಂಟ್ ಹೋದಾಗಲೂ ತಿರುಗುವ ಫ್ಯಾನು.

ಇನ್ನು ಹಳೆಯ ಚಿತ್ರಗಳ ಒಳ್ಳೆಯ ಪ್ರತಿ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಪರಿಣತರು ಕೂತು ಪುನರುಜ್ಜೀವನಗೊಳಿಸಿದ ಮೇಲೆ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಅದು ಜಿಲ್ಲಾ ಗ್ರಂಥಾಲಯದ ಕೈಲಾಗುವ ಕೆಲಸವಲ್ಲ.

ಹುಡುಕಲು ದಾರಿ ಬೇಕೆನ್ನುವ ಮಾತನ್ನು ಮಾತ್ರ ಒಪ್ಪುತ್ತೇನೆ. ಡಿಸ್ಕ್ ಬಿಡಿ; ಸಿನಿಮಾ ಆದ ಕಾದಂಬರಿಗಳ ಒಳರಟ್ಟಿಗೆ ಚಿತ್ರದ ಹೆಸರು, ವರ್ಷ, ನಿರ್ದೇಶಕರ ಹೆಸರು ಬರೆದ ಚೀಟಿ ಅಂಟಿಸಲಿ. ಅದಕ್ಕೆ ಗೋಂದು ಸಾಕು, ಟೆಂಡರ್ ಕರೆಯಬೇಕಿಲ್ಲ.