ಒಂದು ಕೊಲೆಗೆ ಎರಡು ನಂಬರು

ಅಪರಾಧ, ಶಿಕ್ಷೆಗಳ ಹಳೇ ಕಾಯ್ದೆ ಐಪಿಸಿಯಲ್ಲಿ 511 ಸೆಕ್ಷನ್ ಇದ್ದವು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 358 ಮಾತ್ರ. ಕಾನೂನು ಓದುವವರ ಹೊರೆ 153 ಸೆಕ್ಷನ್ನಿನಷ್ಟು ಇಳಿಯಿತೆಂದು ಖುಷಿಪಟ್ಟವರಿಗೆ ಕಳೆಯುವ ಲೆಕ್ಕ ಬರುತ್ತದೆ. ವಿದ್ಯಾರ್ಥಿಯದು ಕೂಡುವ ಲೆಕ್ಕ: 869.

ಹಳೆಯದನ್ನು ರದ್ದಿಗೆ ಹಾಕುವ ಹಾಗಿಲ್ಲ, ತೀರ್ಪುಗಳೆಲ್ಲ ಅದರ ಭಾಷೆಯಲ್ಲೇ ಇವೆ. ಸುಪ್ರೀಂ ಕೋರ್ಟಿನ 1958ರ ವಿರ್ಸಾ ಸಿಂಗ್ ತೀರ್ಪಿನ ಜೀವ ಇರುವುದೇ ಕೊಲೆ ಯಾವುದೆಂದು ಹೇಳುವ ಐಪಿಸಿ ಸೆಕ್ಷನ್ 300ರ ‘ಮೂರನೆಯದಾಗಿ’ ಎಂಬ ಭಾಗದಲ್ಲಿ. ಈಗ ಅದು 101(ಸಿ). ಆಸಾಮಿ ಅದೇ, ಮನೆ ನಂಬರು ಬೇರೆ. ಶಿಕ್ಷೆಗೆ 302ರ ಬದಲು 103(1), ಜೊತೆಗೂಡಿದವರಿಗೆ 34ರ ಬದಲು 3(5). ತೀರ್ಪು ಓದುವಾಗ ಒಂದು ಕೈಯಲ್ಲಿ ಹಳೇ ಬೇರ್ ಆಕ್ಟ್ (ಬರೀ ಕಾಯ್ದೆಯ ಪಠ್ಯವಿರುವ ಪುಸ್ತಕ), ಇನ್ನೊಂದರಲ್ಲಿ ಹೊಸದು. ಪುಟ ತಿರುವಲು ಮೂರನೇ ಕೈ ಬೇಕು.

ಬರೀ ಹೊಸ ನಂಬರಾಗಿದ್ದರೆ ಉರು ಹೊಡೆಯಬಹುದಿತ್ತು. ಹಳೇ ನಂಬರಿಗೆ ಹೊಸ ಬಾಡಿಗೆದಾರ ಬಂದಿರುವುದು ನಿಜವಾದ ಪೀಕಲಾಟ. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೇ ಕಾಯ್ದೆ ಸಿಆರ್‌ಪಿಸಿಯಲ್ಲಿ 482 ಎಂದರೆ ಎಫ್‌ಐಆರ್ ರದ್ದು ಮಾಡಿಸಲು ಹೈಕೋರ್ಟಿಗೆ ಹೋಗುವ ದಾರಿ. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು. ರದ್ದು ಬೇಕಾದವರು 528ರ ಬಾಗಿಲು ತಟ್ಟಬೇಕು. ವಿದ್ಯಾರ್ಥಿಗಳ ಅಣಕು ನ್ಯಾಯಾಲಯವಾದ ಮೂಟ್ ಕೋರ್ಟಿನಲ್ಲಿ ಸಂಹಿತೆಯ ಹೆಸರು ಹೇಳದೆ ಬರೀ 482 ಎಂದವನು, ಕೇಸು ಬೇಡ ಎನ್ನಲು ಬಂದು ಜಾಮೀನು ಕೇಳಿ ಕೂತಿರುತ್ತಾನೆ.

144 ಇನ್ನೂ ಸೊಗಸು. ಹೊಸ ಸಂಹಿತೆಯಲ್ಲಿ ನಿಷೇಧಾಜ್ಞೆ 163ಕ್ಕೆ ಹೋಗಿದೆ, 144ರಲ್ಲಿ ಜೀವನಾಂಶ ಕೂತಿದೆ. ಹಾಗಾಗಿ ‘ಊರಲ್ಲಿ ಗಲಾಟೆ, 144 ಹಾಕಿದ್ದಾರೆ’ ಎಂದು ಯಾರಾದರೂ ಹೇಳಿದರೆ, ಊರ ಗಂಡಸರೆಲ್ಲ ಹೆಂಡತಿ, ಮಕ್ಕಳು, ಅಪ್ಪ ಅಮ್ಮನಿಗೆ ತಿಂಗಳ ದುಡ್ಡು ಕೊಡಬೇಕೆಂದೇ ವಿದ್ಯಾರ್ಥಿ ತಿಳಿಯಬೇಕು. ‘302 ಜಡಿಸ್ತೀನಿ’ ಎಂಬ ಬೆದರಿಕೆಗೂ ಹೆದರಬೇಕಿಲ್ಲ. ನ್ಯಾಯ ಸಂಹಿತೆಯ ಹೊಸ 302 ಇರುವುದು ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ. (ಫೋರ್ ಟ್ವೆಂಟಿ ಜೋಕು ಹಳಸಿದೆ, ಬಿಡಿ.)

ಇನ್ನು ತಾರೀಖಿನ ಪ್ರಶ್ನೆ. ಕಳ್ಳತನ 2024ರ ಜೂನ್ 30ಕ್ಕೆ, ದೂರು ಜುಲೈ 2ಕ್ಕೆ. ಅಪರಾಧಕ್ಕೆ 1860ರ ಐಪಿಸಿ, ಎಫ್‌ಐಆರ್ ದಾಖಲಿಸಲು 2023ರ ನಾಗರಿಕ ಸುರಕ್ಷಾ ಸಂಹಿತೆಯ 173. ಕಳ್ಳ ಒಬ್ಬನೇ, ಕಾಯ್ದೆಗಳ ನಡುವೆ 163 ವರ್ಷ. ಮೇಷ್ಟ್ರುಗಳಿಗೆ ಇಷ್ಟು ಸಾಲದು. ಜೂನ್ 30ರ ರಾತ್ರಿ ಇರಿತ, ಜುಲೈ 1ರ ಬೆಳಗ್ಗೆ ಸಾವು, ಯಾವ ಕಾನೂನು ಅನ್ವಯ? ಚರ್ಚಿಸಿ, 10 ಅಂಕ. ಕಾಲ್ಪನಿಕ ಗಾಯಾಳು ಸರಿಯಾಗಿ ಮಧ್ಯರಾತ್ರಿ ದಾಟುವವರೆಗೆ ಉಸಿರು ಹಿಡಿದಿರುತ್ತಾನೆ, ಪಾಪ.

ಕೊನೆಗೆ ನ್ಯಾಯ ಸಂಹಿತೆಯ 106(2). ವಾಹನ ಹಾಯಿಸಿ ಜೀವ ತೆಗೆದು, ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ 10 ವರ್ಷದವರೆಗೆ ಜೈಲು ಎನ್ನುವ ಉಪಕಲಂ ಅದು. ಜುಲೈ 1ಕ್ಕೆ ಸಂಹಿತೆಯ ಉಳಿದದ್ದೆಲ್ಲ ಜಾರಿಗೆ ಬಂತು, ಇದನ್ನು ಮಾತ್ರ ಹೊರಗಿಟ್ಟರು. ಪರಾರಿ ತಡೆಯಬೇಕಾದ ಕಲಮೇ ಪರಾರಿ. ಸಿಲಬಸ್ಸಿನಿಂದ ಮಾತ್ರ ತಪ್ಪಿಸಿಕೊಂಡಿಲ್ಲ: ಲಘು ಟಿಪ್ಪಣಿ, 5 ಅಂಕ.