ಸತ್ತವರನ್ನು ಎಲ್ಲಿಂದ ಕರೆತರಲಿ?

ಅಪ್ಪನನ್ನೇ ಕರ್ಕೊಂಡು ಬರಬೇಕಂತೆ. ತೀರಿಹೋದ ಅಪ್ಪನನ್ನು! ಈಗಷ್ಟೇ ಠಾಣೆಯಿಂದ ಬಂದೆ, ಕೈ ಇನ್ನೂ ನಡುಗುತ್ತಿದೆ. ಅಲ್ಲಲ್ಲಿ ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕೋವಿ ಕೇಳಲು ಹೋಗಿರಲಿಲ್ಲ ಸ್ವಾಮಿ, ಕೊಡಲು ಹೋಗಿದ್ದೆ. ದುಡ್ಡು ಬೇಡ. ಲೈಸೆನ್ಸ್ ನನ್ನ ಹೆಸರಿಗೆ ಮಾಡಿಕೊಡಿ ಅಂತಲೂ ಅಲ್ಲ. ಜಮೆ ಮಾಡಿಕೊಂಡು ಒಂದು ರಸೀದಿ ಕೊಡಿ, ಅಷ್ಟೇ. ಬೆಳೆ ಕಾಯಲೆಂದು ಅಪ್ಪ ಇಟ್ಟುಕೊಂಡಿದ್ದ ಒಂಟಿ ನಳಿಗೆ ಕೋವಿ. ಈಗ ಬೆಳೆಯೂ ಇಲ್ಲ, ಕಾಯುವವರೂ ಇಲ್ಲ.

ನಳಿಗೆ ಮಡಚಿ ಖಾಲಿ ಇದೆಯಾ ಅಂತ ನೋಡಿ, ಬೆಡ್‌ಶೀಟಿನಲ್ಲಿ ಸುತ್ತಿ, ಉಳಿದಿದ್ದ ತೋಟೆಗಳನ್ನು ಬೇರೆ ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ. ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ಎಲ್ಲದರ ಜೆರಾಕ್ಸ್ ಬೇರೆ. ರೈಟರ್ ತಲೆ ಎತ್ತದೆ, "ಏನ್ರೀ ಅದು ಗಂಟು?" ಅಂದರು. "ಕೋವಿ ಸಾರ್" ಅಂದೆ. ಆಗ ಠಾಣೆಯೆಲ್ಲಾ ತಲೆ ಎತ್ತಿತು.

ಬಿಚ್ಚಿ ತೋರಿಸಿ ಅಂದರು. ಕೋವಿಯ ಹಿಡಿ ಬಿರುಕು ಬಿಟ್ಟಿದ್ದಕ್ಕೆ ಅಪ್ಪ ತಾಮ್ರದ ತಂತಿ ಸುತ್ತಿದ್ದರು. ಆ ತಂತಿ ಬಟ್ಟೆಗೆ ಸಿಕ್ಕಿಕೊಂಡು ಬಿಡಲೊಲ್ಲದು. ನಾನು ಎಳೆದ ಹಾಗೆಲ್ಲಾ ಬೆಡ್‌ಶೀಟು ಪರ್ ಅಂತ ಹರಿಯುತ್ತಿದೆ. ಬೆಂಚಿನಲ್ಲಿದ್ದ ಹೆಂಗಸೊಬ್ಬರು ಮಗುವನ್ನು ಮಡಿಲಿಗೆ ಎಳೆದುಕೊಂಡರು. ಕಡೆಗೂ ಬಿಚ್ಚಿದ್ದಾಯಿತು. ಈಗ ನಂಬರ್ ಓದಿ ಅಂದರು. ಅದರ ಮೇಲೆ ತುಕ್ಕು. ಎಂಜಲು ಹಚ್ಚಿ, ಅಂಗಿಯ ಅಂಚಿನಿಂದ ಉಜ್ಜಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದೆ. ಅವರು ಪುಸ್ತಕದ ಜೊತೆ ತಾಳೆ ನೋಡಿದರು. "ಸರಿ ಇದೆ. ಲೈಸೆನ್ಸ್‌ದಾರರು ಎಲ್ಲಿ? ಅವರೇ ಬಂದು ಸಹಿ ಹಾಕಬೇಕು."

"ತೀರಿಕೊಂಡಿದ್ದಾರೆ ಸಾರ್. ಸರ್ಟಿಫಿಕೇಟ್ ನಿಮ್ಮ ಕೈಯಲ್ಲೇ ಇದೆ."

"ಅದೆಲ್ಲಾ ಆಗಲ್ಲ ರೀ. ಅವರನ್ನೇ ಕರ್ಕೊಂಡು ಬನ್ನಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಗ ರೈಟರಿಗೆ ಅರ್ಥವಾಯಿತು ಅನಿಸುತ್ತದೆ, ಮುಖ ಕೆಂಪಾಯಿತು. ಆದರೆ ಸೋಲೊಪ್ಪಿಕೊಳ್ಳುತ್ತಾರಾ? "ಹಾಗಾದ್ರೆ ಇದು ಲೈಸೆನ್ಸ್ ಇಲ್ಲದ ಬಂದೂಕು ಆಯ್ತಲ್ಲ? ನಿಮ್ಮ ಮೇಲೇ ಕೇಸ್ ಹಾಕಬೇಕಾಗುತ್ತೆ. ಡಿಸಿ ಆಫೀಸಿಂದ ಪತ್ರ ತನ್ನಿ" ಅಂದರು. ಡಿಸಿ ಆಫೀಸಿನವರು ಹೇಳಿದ್ದೇನು ಗೊತ್ತಾ? ಮೊದಲು ಠಾಣೆಯಲ್ಲಿ ಜಮೆ ಮಾಡಿ, ರಸೀದಿ ತನ್ನಿ!

1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಓದಿ. ಕೋವಿ ಇಟ್ಟುಕೊಳ್ಳುವ ಹಕ್ಕು ಹೋದ ಮೇಲೆ ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮೆ ಮಾಡಬೇಕು ಅಂತಿದೆ. ತೋಟೆಗೂ ಇದೇ ಮಾತು. ವಾಯಿದೆಯೊಳಗೆ ಅದರ ವಿಲೇವಾರಿ ಆಗದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಸರ್ಕಾರಕ್ಕೆ ಮುಟ್ಟುಗೋಲು. ಮುಟ್ಟುಗೋಲು ಹಾಕಿಕೊಳ್ಳಿ ಅಂತಲೇ ನಾನು ಬೇಡಿಕೊಳ್ಳುತ್ತಿರುವುದು! ಡೀಲರ್ ಅಂತೂ "ಹಳೇ ಮಾಲು, ಇಡಲು ಜಾಗ ಇಲ್ಲ" ಅಂತ ಫೋನಿನಲ್ಲೇ ಕೈ ತೊಳೆದುಕೊಂಡರು. ಇತ್ತ ಲೈಸೆನ್ಸ್ ಇಲ್ಲದೆ ಮನೆಯಲ್ಲಿಟ್ಟುಕೊಂಡರೆ 2019ರ ತಿದ್ದುಪಡಿ ಪ್ರಕಾರ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು.

ಆ ಸೆಕ್ಷನ್ನನ್ನು ಪ್ರಿಂಟ್ ತೆಗೆಸಿ, ಕೆಂಪು ಗೆರೆ ಎಳೆದು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ. ಕೋವಿ ಹಿಡಿದುಕೊಂಡು ಗಡಗಡ ನಡುಗಿದ ಮೊದಲ ಶೂರ ನಾನೇ ಇರಬೇಕು.

ಹೋಗಲಿ ಬಿಡಿ, ರೈಟರ್ ಏನು ಮಾಡುತ್ತಾರೆ ಪಾಪ, ಅವರಿಗೂ ಮೇಲಿನವರ ಭಯ. ಇಲ್ಲ, ಯಾಕೆ ಬಿಡಬೇಕು? ಚುನಾವಣೆ ಬಂದಾಗ ಇದೇ ಠಾಣೆಯಿಂದ ಫೋನ್ ಮೇಲೆ ಫೋನ್. "ಇನ್ನೂ ಕೋವಿ ತಂದಿಟ್ಟಿಲ್ಲ ಯಾಕೆ?" ಅಪ್ಪನಿಗೆ ಮೈ ಹುಷಾರಿಲ್ಲ ಅಂತ ಆಗ ತಂದಿಟ್ಟವನು ನಾನೇ. ರಸೀದಿಯನ್ನು ನನ್ನ ಕೈಗೇ ಕೊಟ್ಟಿದ್ದರು. ಅಪ್ಪ ಬದುಕಿದ್ದಾಗ ಬೇಡದ ಅವರ ಸಹಿ, ಸತ್ತ ಮೇಲೆ ಬೇಕಾಯಿತಾ?

ಗೆಳೆಯರ ಸಲಹೆಗಳಂತೂ ಕೇಳಲೇಬೇಡಿ. ಸುಮ್ನೆ ಹೊಳೆಗೆ ಎಸಿ, ಗುಜರಿಗೆ ಹಾಕು, ಯಾರಿಗಾದರೂ ಕೊಟ್ಟುಬಿಡು. ತೆಗೆದುಕೊಂಡವನು ಅದರಲ್ಲಿ ಯಾರಿಗೋ ಹೊಡೆದರೆ? ನಂಬರ್ ಹುಡುಕಿಕೊಂಡು ಬರುವುದು ಯಾರ ಮನೆಗೆ? ಎಸೆಯುವುದಿದ್ದರೆ ಎಂದೋ ಎಸೆಯುತ್ತಿದ್ದೆ. ನಿಜ ಹೇಳಲಾ, ಬರುವ ದಾರಿಯಲ್ಲಿ ಸೇತುವೆ ಮೇಲೆ ಬೈಕ್ ನಿಧಾನ ಮಾಡಿದೆ. ಆಮೇಲೆ ನನ್ನನ್ನೇ ಬೈದುಕೊಂಡು ಮನೆಗೆ ಬಂದೆ. ಈಗ ಮತ್ತೆ ಬೀರುವಿನಲ್ಲಿದೆ, ಬೀಗ ಹಾಕಿದ್ದೇನೆ, ತೋಟೆ ಬೇರೆ ಕೋಣೆಯಲ್ಲಿದೆ. ಅಮ್ಮ "ಆಯ್ತಾ ಕೆಲಸ?" ಅಂತ ಕೇಳಿದರು. ಸಾಹೇಬರು ಇರಲಿಲ್ಲ ಅಂದೆ.

ತೀರಿಹೋದವರ ಕೋವಿ ಜಮೆ ಮಾಡಿ ರಸೀದಿ ಪಡೆದವರು ಯಾರಾದರೂ ಇದ್ದೀರಾ? ಇದ್ದರೆ ದಯವಿಟ್ಟು ಆ ರಸೀದಿ ತೆಗೆದು ನೋಡಿ. ಜಮೆ ಮಾಡಿದವರು ಅನ್ನುವಲ್ಲಿ ಸಹಿ ಯಾರದ್ದಿದೆ ಅಂತ ಹೇಳಿ. ಅದರ ಜೆರಾಕ್ಸ್ ಸಿಕ್ಕರೆ ಸೋಮವಾರ ಅದನ್ನೂ ಹಿಡಿದುಕೊಂಡು ಹೋಗುತ್ತೇನೆ.